ಕರಿ ಒಂದೋ, ಬಿಳಿ ಎರಡೋ

1996ರ ಮಳೆಗಾಲದಿಂದ ಹೋದ ಯುಗಾದಿಯ ತನಕ ನಾನು ಜರ್ಮನಿಯ ಸಂಗೀತಗಾರ ಬಾಖ್‌ನ ಒಂದು ಕನ್ಸರ್ಟೊವನ್ನು (ಒಂದು ವಾದ್ಯ ಮುಂದೆ, ವಾದ್ಯಮೇಳ ಜೊತೆಗೆ ಇರುವ ಕೃತಿ) ತಪ್ಪಾಗಿ ಕೇಳಿದ್ದೇನೆ. ತಪ್ಪಾಗಿ ಅಂದರೆ ಅರ್ಥವಾಗದೆ ಅಂತಲ್ಲ. ಅರ್ಥದ ಮಾತು ಬಿಡಿ, ಅದು ಈಗಲೂ ಅಷ್ಟಕ್ಕಷ್ಟೇ. ಇದು ಸ್ಕ್ರೂ ಡ್ರೈವರ್ ಹಿಡಿದು, ಕನ್ನಡಕ ಹಾಕಿಕೊಂಡು, ಬಹಳ ಶ್ರದ್ಧೆಯಿಂದ ಮಾಡಿದ ತಪ್ಪು.

ನಮ್ಮದು ದಾವಣಗೆರೆಯ ಅಶೋಕ ರಸ್ತೆ ಕಡೆ, ರೈಲ್ವೆ ಗೇಟಿನ ಕೂಗಳತೆಯಲ್ಲಿ ಒಂದು ಸಣ್ಣ ಅಂಗಡಿ. ಗೇಟು ಬಿತ್ತು ಅಂದರೆ ನಮಗೆ ವ್ಯಾಪಾರ. ಗಾಡಿ ಆಫ್ ಮಾಡಿ ನಿಂತವರು ಬೇಜಾರಿಗೆ ಒಳಗೆ ಬಂದು, "ಮನೇಲೊಂದು ರೇಡಿಯೋ ಕೆಟ್ಟೈತ್ರಿ, ತಂದ್ರೆ ಮಾಡ್ತೀರೇನು?" ಅಂತ ಕೇಳುತ್ತಿದ್ದರು. ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅದಕ್ಕೂ ಮುಂಚೆ ನಾಟಕ ಕಂಪನಿಗಳಲ್ಲಿ ಕಾಲು ಪೆಟ್ಟಿಗೆ ನುಡಿಸಿದವರು. ತಿದಿಯನ್ನು ಕಾಲಲ್ಲಿ ಒತ್ತಿಕೊಂಡು ಎರಡೂ ಕೈ ಮನೆಗಳ (ಬೆರಳಲ್ಲಿ ಒತ್ತುವ ಕೀಲಿಗಳ) ಮೇಲೆ ಓಡಿಸುವ ಪೆಟ್ಟಿಗೆ ಅದು. ನಾನು ಅವರಿಂದ ರೀಡು ಕೆರೆಯುವುದನ್ನು ಕಲಿತೆ, ಐಟಿಐಯಲ್ಲಿ ರೇಡಿಯೋ ಕಲಿತೆ. ಅಂಗಡಿಯ ಎಡಗಡೆ ಪೆಟ್ಟಿಗೆ, ಬಲಗಡೆ ಟೇಪ್ ರೆಕಾರ್ಡರು. ಈಗ ಎರಡೂ ಕಡೆ ಮೊಬೈಲ್ ಚಾರ್ಜರು ನೇತಾಡುತ್ತಿವೆ, ಅದು ಬೇರೆ ಕಥೆ.

ನಮ್ಮ ಕಡೆ ಶ್ರುತಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಳುವುದಿಲ್ಲ, ಮನೆಯ ಬಣ್ಣದಲ್ಲಿ ಹೇಳುತ್ತೇವೆ. ಸಿ ಅನ್ನುವುದು ಬಿಳಿ ಒಂದು, ಡಿ ಅನ್ನುವುದು ಬಿಳಿ ಎರಡು. ಇವೆರಡರ ನಡುವಿನ ಕಪ್ಪು ಮನೆ ಕರಿ ಒಂದು. ಹಾಡುವವರು ಬಂದು "ಕರಿ ಒಂದಕ್ಕೆ ಹಿಡೀರಿ" ಅಂದರೆ ಮುಗಿಯಿತು. ಹಗಲೆಲ್ಲ ಕೂಗಿ ಗಂಟಲು ಕೆಟ್ಟ ನಟ ಪರದೆ ಸಂದಿಯಿಂದ ಇಣುಕಿ "ಮಾಸ್ತರ್ರೇ, ಇವತ್ತು ಒಂದು ಮನಿ ಇಳಿಸ್ರಿ" ಅನ್ನುತ್ತಿದ್ದನಂತೆ. ಅಪ್ಪ ಇಳಿಸುತ್ತಿದ್ದರು. ಪ್ರೇಕ್ಷಕರಿಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮಳೆಗಾಲದಲ್ಲಿ ಮೆಡಿಕಲ್ ಓದುವ ಹುಡುಗನೊಬ್ಬ ವಾಕ್‌ಮನ್ ರಿಪೇರಿಗೆ ಕೊಟ್ಟು ಹೋದ. ಪರೀಕ್ಷೆ ಮುಗಿಸಿ ಊರಿಗೆ ಹೋದವನು ವಾಪಸ್ ಬರಲಿಲ್ಲ. ಒಂದು ವರ್ಷ ಕಾದೆ. ವಾಕ್‌ಮನ್ ಒಳಗೆ 60 ನಿಮಿಷದ ಕ್ಯಾಸೆಟ್ಟು. ಅದರ ಮೇಲೆ ನೀಲಿ ಪೆನ್ನಲ್ಲಿ ಒಂದು ಕಡೆ "ಬಾಖ್, ಡಿ ಮೈನರ್", ಇನ್ನೊಂದು ಕಡೆ "ಬಾಖ್, ಎಫ್ ಮೈನರ್". ಡಿ, ಎಫ್ ಅನ್ನುವುದು ಸಾ ಇರುವ ಮನೆ, ಮೈನರ್ ಅಂದರೆ ಕೋಮಲ ಗಾಂಧಾರ ಇರುವ ಸ್ವರಸಾಲು. ನುಡಿಸಿದವರ ಹೆಸರಿಲ್ಲ. (ಆ ಹುಡುಗ ಈಗ ಎಲ್ಲೋ ದೊಡ್ಡ ಡಾಕ್ಟರ್ ಆಗಿರಬಹುದು. ಇವತ್ತು ಬಂದು ಕೇಳಿದರೂ ಕೊಡುತ್ತೇನೆ. ರಿಪೇರಿ ದುಡ್ಡು ಬೇಡ.)

ಮೊದಲ ಸಲ ಹಾಕಿದಾಗ ನನಗೆ ಅದು ಯಾವ ವಾದ್ಯ ಅಂತಲೇ ತಿಳಿಯಲಿಲ್ಲ. ತಂತಿ ಮೀಟಿದ ಸದ್ದು ಅಂತ ಕಿವಿ ಹೇಳುತ್ತಿತ್ತು. ಆದರೆ ಓಡುವ ರೀತಿ ಮನೆಗಳ ಮೇಲಿನ ಬೆರಳಿನದು. ಎರಡೂ ಸರಿ. ಹಾರ್ಪ್ಸಿಕಾರ್ಡ್ ಅನ್ನುವುದು ಪಿಯಾನೊ ಥರ ಕಾಣುವ, ಆದರೆ ತಂತಿಯನ್ನು ಸುತ್ತಿಗೆಯಿಂದ ಬಡಿಯದೆ ಮೀಟುವ ಪೆಟ್ಟಿಗೆ. ಮನೆ ಒತ್ತಿದರೆ ಒಂದು ತೆಳು ಮರದ ಪಟ್ಟಿ ಮೇಲೇಳುತ್ತದೆ. ಅದರ ಪಕ್ಕೆಯಲ್ಲಿ ಹಕ್ಕಿಯ ಗರಿಯಿಂದ ಕತ್ತರಿಸಿದ ಸಣ್ಣ ಉಗುರು. ಈಗ ಬಹಳಷ್ಟು ಪ್ಲಾಸ್ಟಿಕ್ ಹಾಕುತ್ತಾರೆ. ಅದು ತಂತಿಯನ್ನು ಮೀಟಿ ದಾಟುತ್ತದೆ, ಬೆರಳು ತೆಗೆದರೆ ಪಟ್ಟಿ ಕೆಳಗೆ ಬಿದ್ದು ಬಟ್ಟೆಯ ತುಣುಕು ತಂತಿಯನ್ನು ಮುಚ್ಚುತ್ತದೆ. ಮೆತ್ತಗೆ ಒತ್ತಿದರೂ ಗುದ್ದಿದರೂ ಸದ್ದು ಹೆಚ್ಚುಕಮ್ಮಿ ಅಷ್ಟೇ. ನಮ್ಮ ಪೆಟ್ಟಿಗೆಯಲ್ಲೂ ಬೆರಳಿಗೆ ಆ ಅಧಿಕಾರ ಇಲ್ಲ, ಆದರೆ ತಿದಿ ಇದೆ, ಗಾಳಿಯಲ್ಲಿ ಅಳಬಹುದು. ಆ ವಾದ್ಯಕ್ಕೆ ತಿದಿಯೂ ಇಲ್ಲ. ಹಾಗಾಗಿ ಅದನ್ನು ನುಡಿಸುವವರ ಕೈಯಲ್ಲಿ ಮುಖ್ಯವಾಗಿ ಉಳಿಯುವುದು ಕಾಲ: ಸ್ವರವನ್ನು ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು, ಎಷ್ಟು ತಡೆದು ಮುಂದಿನದಕ್ಕೆ ಹೋಗಬೇಕು.

ಈ ಡಿ ಮೈನರ್ ಕನ್ಸರ್ಟೊ ಮೂರು ಭಾಗದ್ದು. ಚುರುಕಿನ ಅಲೆಗ್ರೋ, ನಿಧಾನದ ಅಡಾಜಿಯೋ, ಮತ್ತೆ ಅಲೆಗ್ರೋ. ಮೊದಲ ಭಾಗ ಶುರುವಾಗುವುದೇ ಎಲ್ಲರೂ ಒಂದೇ ಸಾಲು ನುಡಿಸುವುದರಿಂದ. ಪಿಟೀಲು, ಕೆಳಗಿನ ದಪ್ಪ ತಂತಿಗಳು, ಹಾರ್ಪ್ಸಿಕಾರ್ಡ್, ಯಾರೂ ಯಾರಿಗೂ ಜೊತೆ ಕೊಡುತ್ತಿಲ್ಲ, ಎಲ್ಲರದೂ ಅದೇ ಮಾತು. ನಮ್ಮ ಕಿವಿಗೆ ಹಾಯೆನಿಸುವ ಆರಂಭ ಅದು. ಕೇಳುತ್ತ ಕೇಳುತ್ತ ನನ್ನ ಕೈ ತಾನಾಗಿ ಮುಂದಿದ್ದ ಪೆಟ್ಟಿಗೆಯ ಮೇಲೆ ಹೋಯಿತು. ಸಾ ಎಲ್ಲಿದೆ ನೋಡೋಣ ಅಂತ ಬಿಳಿ ಎರಡು ಒತ್ತಿದೆ.

ಸೇರಲಿಲ್ಲ. ಕರಿ ಒಂದಕ್ಕೆ ಸೇರಿತು.

ಲೇಬಲ್ ಮೇಲೆ ಡಿ ಅಂತ ಬರೆದಿದೆ, ಟೇಪು ಒಂದು ಮನೆ ಕೆಳಗೆ ನುಡಿಯುತ್ತಿದೆ. ಇನ್ನೊಂದು ಕಡೆ ತಿರುಗಿಸಿದೆ. ಎಫ್ ಅಂದರೆ ಬಿಳಿ ನಾಲ್ಕು ಆಗಬೇಕು, ಬಿಳಿ ಮೂರಕ್ಕೆ ಕೂತಿದೆ. ಎರಡೂ ಕಡೆ ಲೆಕ್ಕ ಮಾಡಿದ ಹಾಗೆ ಒಂದೇ ಮನೆ ಇಳಿದಿದೆ. ರಿಪೇರಿ ಮಾಡುವವನಿಗೆ ಇದಕ್ಕಿಂತ ಸಾಕ್ಷಿ ಬೇಕೇನ್ರಿ? ಟೇಪ್ ನಿಧಾನ ಓಡಿದರೆ ಲಯವೂ ಇಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ, ಎರಡೂ ಕೈಕೈ ಹಿಡಿದುಕೊಂಡು ಇಳಿಯುತ್ತವೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ ಸುಮಾರು ಆರು ಪಾಲು ಕಡಿಮೆ ಓಡಿದರೆ ಒಂದು ಮನೆ ಇಳಿಯುತ್ತದೆ. ಟೇಪು ಹಾಕಿದ್ದ ನಮ್ಮ ಮನೆಯ ಟೂ-ಇನ್-ವನ್ (ರೇಡಿಯೋ, ಟೇಪ್ ರೆಕಾರ್ಡರು ಎರಡೂ ಇರುವುದು) ಬೆಲ್ಟು ಸಡಿಲಾಗಿದೆ ಅಂತ ತೀರ್ಪು ಕೊಟ್ಟೆ.

ಹೊಸ ಬೆಲ್ಟು ಹಾಕಿದೆ. ಏನೂ ಬದಲಾಗಲಿಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು. ಬೆಲ್ಟು ಸಡಿಲಾದರೆ ಸ್ವರ ಬರೀ ಇಳಿಯುವುದಿಲ್ಲ, ಜ್ವರ ಬಂದವರ ದನಿ ಹಾಗೆ ಅಲುಗಾಡುತ್ತದೆ. ಇಲ್ಲಿ ಅಲುಗಾಟವೇ ಇರಲಿಲ್ಲ, ಬಂಡೆ ಹಾಗೆ ನಿಂತ ಕರಿ ಒಂದು. ವೇಗ ಅಳೆಯುವ ಟೆಸ್ಟ್ ಟೇಪು ನನ್ನ ಹತ್ತಿರ ಇರಲಿಲ್ಲ, ಪೆಟ್ಟಿಗೆ ಇತ್ತು. ಮೋಟಾರಿನ ಹಿಂಭಾಗದಲ್ಲಿ ಕಡಲೆಕಾಳಿಗಿಂತ ಸಣ್ಣ ತೂತು ಇರುತ್ತದೆ. ಅದರೊಳಗೆ ವೇಗ ಹೊಂದಿಸುವ ಸ್ಕ್ರೂ. ಗಡಿಯಾರ ರಿಪೇರಿಯವರ ಸ್ಕ್ರೂ ಡ್ರೈವರನ್ನು ತೂರಿಸಿ, ಎಡಗೈಯಲ್ಲಿ ಪೆಟ್ಟಿಗೆಯ ಬಿಳಿ ಎರಡನ್ನು ಹಿಡಿದು, ಹೆಂಡತಿಗೆ ತಿದಿ ಒತ್ತಲು ಹೇಳಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದೆ. ಟೇಪಿನ ಸ್ವರ ಮೇಲೇರುತ್ತ ಬಂದು, ಪೆಟ್ಟಿಗೆಯ ಸ್ವರದ ಜೊತೆ ಉಜ್ಜಾಡಿ, ಉಜ್ಜಾಟ ನಿಧಾನವಾಗಿ, ಕೊನೆಗೆ ಎರಡೂ ಒಂದರೊಳಗೊಂದು ಕರಗಿದವು. ಅಂಥ ಹೊತ್ತಲ್ಲಿ ಸಿಗುವ ಸಮಾಧಾನ ಶ್ರುತಿ ಮಾಡುವವರಿಗೇ ಗೊತ್ತು. ಆವತ್ತು ಸಂಜೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ.

ನಾಲ್ಕು ದಿನ ಬಿಟ್ಟು ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ಏನ್ರೀ, ಪಿ.ಬಿ. ಶ್ರೀನಿವಾಸ್ ಯಾಕೋ ಗಾಬರೀಲಿ ಹಾಡ್ತಾ ಇದಾರಲ್ಲ?"

"ಬೆಲ್ಟ್ ಹೊಸದು, ಈಗ ಸರಿ ಹಾಡ್ತಾ ಇದಾರೆ. ಇಷ್ಟು ದಿನ ಅವರಿಗೆ ನಿದ್ದೆ ಬಂದಿತ್ತು" ಅಂದೆ. ಅವಳು ಸುಮ್ಮನಾದಳು. ಒಪ್ಪಿಕೊಂಡು ಸುಮ್ಮನಾಗಲಿಲ್ಲ ಅನ್ನುವುದು ನನಗೆ ಈಗ ಹೊಳೆಯುತ್ತಿದೆ.

ಅಪ್ಪನಿಗೂ ಕೇಳಿಸಿದೆ. ಅವರಾಗ ಅಂಗಡಿಗೆ ಬರುವುದನ್ನು ಬಿಟ್ಟಿದ್ದರು, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಪೆಟ್ಟಿಗೆ ಮುಂದಿಟ್ಟುಕೊಂಡು ಬಿಳಿ ಎರಡು ಹಿಡಿದು ಕೂತರು. "ಕೀರವಾಣಿ" ಅಂದರು. ಸ್ವಲ್ಪ ಹೊತ್ತಿಗೆ "ಅಲ್ಲಲೇ" ಅಂದರು. ಕೋಮಲ ಗಾಂಧಾರ, ಕೋಮಲ ಧೈವತ, ಶುದ್ಧ ನಿಷಾದ, ಅಲ್ಲಿಗೆ ಕೀರವಾಣಿಯೇ. ಆದರೆ ಇವರು ಮೇಲೆ ಹೋಗುವಾಗ ಧೈವತವನ್ನೂ ಏರಿಸಿಕೊಂಡು ಹೋಗುತ್ತಾರೆ, ಕೆಳಗೆ ಬರುವಾಗ ಎರಡನ್ನೂ ಇಳಿಸಿಕೊಂಡು ಬರುತ್ತಾರೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಅದಾದರೂ ನಮ್ಮಲ್ಲಿ ಉಂಟು. ಅಪ್ಪನನ್ನು ಕಂಗೆಡಿಸಿದ್ದು ಬೇರೆ. ಅವರ ಬೆರಳು ಬಿಳಿ ಎರಡರ ಮೇಲೇ ಇತ್ತು, ಸಂಗೀತ ಮಾತ್ರ ಬಿಳಿ ಆರಕ್ಕೆ ಹೋಗಿ ಅಲ್ಲಿ ಅದೇ ಮೊದಲ ಸಾಲನ್ನು ಹೇಳತೊಡಗಿತು. "ಲೇ ತಮ್ಮಾ, ಸಾ ಜಾಗ ಬಿಟ್ತು! ಪಂಚಮಕ್ಕೆ ಹೋಗಿ ಕೂತ್ಕೊಂಡೈತಿ ನೋಡು." ಆಮೇಲೆ ಅದು ಎಲ್ಲೆಲ್ಲೋ ಸುತ್ತಿ ತಿರುಗಿ ಬಿಳಿ ಎರಡಕ್ಕೆ ಬಂದಾಗ ಅಪ್ಪನ ಮುಖ ನೋಡಬೇಕಿತ್ತು. ಜಾತ್ರೆಯಲ್ಲಿ ಕಳೆದುಹೋದ ಹುಡುಗ ಸಿಕ್ಕಿದ ಹಾಗೆ.

ಎರಡನೇ ಭಾಗ ಶುರುವಾಗುವ ಮುಂಚೆ ಆ ಟೇಪಿನಲ್ಲಿ ಯಾರದೋ ಕುರ್ಚಿ ಒಮ್ಮೆ ಕಿರ್ ಅನ್ನುತ್ತದೆ. ಅಪ್ಪ ಅದಕ್ಕೆ ನಕ್ಕರು. "ಪಾಪ, ಅವರಿಗೂ ಕುಂತು ಕುಂತು ಸಾಕಾಗೈತಿ." ಅಡಾಜಿಯೋ ಜಿ ಮೈನರಿನಲ್ಲಿದೆ, ನಮ್ಮ ಲೆಕ್ಕದಲ್ಲಿ ಮಧ್ಯಮವನ್ನೇ ಸಾ ಮಾಡಿಕೊಂಡದ್ದು. ಅಲ್ಲೂ ಮೊದಲು ಎಲ್ಲರೂ ಸೇರಿ ಒಂದು ಭಾರವಾದ ಸಾಲನ್ನು ನುಡಿಸುತ್ತಾರೆ. ಆಮೇಲೆ ಆ ಸಾಲು ಕೆಳಗೆ ಸರಿದು, ಬೇರೆ ಬೇರೆ ಸಾ ಹಿಡಿದು ಮತ್ತೆ ಮತ್ತೆ ಬರುತ್ತದೆ. ಮೇಲೆ ಹಾರ್ಪ್ಸಿಕಾರ್ಡಿನ ಬಲಗೈ ತನ್ನ ಪಾಡಿಗೆ ಕಸೂತಿ ಹಾಕುತ್ತ ಹೋಗುತ್ತದೆ. ಗೇಟಿನಲ್ಲಿ ನಿಂತು ಗೂಡ್ಸ್ ಗಾಡಿ ನೋಡಿದವರಿಗೆ ಇದು ಗೊತ್ತು. ಕೆಳಗೆ ಗಾಲಿಯ ಸದ್ದು ಅದೇ ಅದೇ, ಮೇಲೆ ಡಬ್ಬಿಗಳ ಬಣ್ಣ, ಬರಹ, ತುಕ್ಕು ಬದಲಾಗುತ್ತಿರುತ್ತದೆ.

ಮೂರನೇ ಭಾಗ ಮುಗಿದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು. "ಶಾಣ್ಯಾ ಇದಾನೆ ಅವನು. ಆದ್ರೆ ಯಾರೋ ಅಟ್ಟಿಸ್ಕೊಂಡು ಬಂದಂಗೆ ಯಾಕೆ ಓಡ್ತಾನೆ?"

ಬಾಖ್‌ನ ಸ್ವಭಾವವೇ ಹಾಗಿರಬೇಕು ಅಂದುಕೊಂಡೆ. ಆ ಗಾಬರಿಯನ್ನೇ ಇಷ್ಟಪಡಲು ಕಲಿತೆ. 2003ರಲ್ಲಿ ಅಪ್ಪ ಹಾಸಿಗೆ ಹಿಡಿದಾಗ ರಾತ್ರಿ ಪಾಳಿ ನನ್ನದು. ವಾಕ್‌ಮನ್ನಿಗೂ ನಾನು ಅದೇ ಚಿಕಿತ್ಸೆ ಮಾಡಿದ್ದೆ, ಹೇಳಬೇಕಾಗಿಲ್ಲ. ಅದನ್ನು ಕಿವಿಗೆ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಮೊದಲ ಭಾಗವನ್ನು ಎಷ್ಟು ಸಲ ಕೇಳಿದೆನೋ. ಅದರಲ್ಲೊಂದು ಕಡೆ ಹಾರ್ಪ್ಸಿಕಾರ್ಡ್ ಒಂದೇ ಸ್ವರವನ್ನು ಕುಟ್ಟುತ್ತ, ಅದರ ಅಕ್ಕಪಕ್ಕ ಬೇರೆ ಸ್ವರಗಳನ್ನು ಸಿಕ್ಕಿಸುತ್ತ ಹೋಗುತ್ತದೆ. ಪಿಟೀಲಿನಲ್ಲಿ ಒಂದು ತಂತಿಯನ್ನು ಖಾಲಿ ಬಿಟ್ಟು ಪಕ್ಕದ ತಂತಿಯಲ್ಲಿ ಬೆರಳಾಡಿಸುವ ಪಟ್ಟು ಅದು. ಈ ಕನ್ಸರ್ಟೊ ಮೊದಲು ಪಿಟೀಲಿಗೇ ಬರೆದದ್ದಿರಬೇಕು ಅಂತ ತಿಳಿದವರು ಹೇಳುವುದಕ್ಕೆ ಇಂಥ ಜಾಗಗಳೇ ಆಧಾರ. ನನಗೆ ಅದು ನಮ್ಮ ಮಂಡಕ್ಕಿ ಭಟ್ಟಿಯ ಹಾಗೆ ಕೇಳುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಚಟಚಟ ಅಂತ ಎಲ್ಲ ಒಟ್ಟಿಗೆ ಸಿಡಿಯುತ್ತದಲ್ಲ, ಹಾಗೆ. ಬಿಡಿ ಸ್ವರ ಒಂದೂ ಕಾಣುತ್ತಿರಲಿಲ್ಲ. ಆ ಬೆಂಚಿನ ಮೇಲೆ ನನ್ನ ತಲೆಯೊಳಗೂ ಹಾಗೇ ಇತ್ತು. ಡಿ ಮೈನರ್ ಅಂದರೆ ಹೀಗೇ, ದಿಕ್ಕು ತೋಚದ ಅವಸರ ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಹೋದ ಯುಗಾದಿಗೆ ಮಗಳು ಬೆಂಗಳೂರಿಂದ ಬಂದಿದ್ದಳು. "ಅಪ್ಪಾ, ನಿನ್ನ ಬಾಖ್ ಇದೇನಾ ನೋಡು" ಅಂತ ಫೋನಲ್ಲಿ ಒಂದಾದ ಮೇಲೊಂದು ಡಿ ಮೈನರ್ ಹಾಕುತ್ತ ಹೋದಳು. ಯಾವುದೂ ನನ್ನದಲ್ಲ. ಆರನೆಯದೋ ಏಳನೆಯದೋ ಇರಬೇಕು, ಮೊದಲ ಭಾಗ ಮುಗಿದು ಅಡಾಜಿಯೋ ಶುರುವಾಗುವ ಮುಂಚೆ ಕಿರ್ ಅಂತು. ಬೇವು ಬೆಲ್ಲದ ಬಟ್ಟಲು ಕೆಳಗಿಟ್ಟೆ. ಅದೇ ಕುರ್ಚಿ! ಆದರೆ ಸಂಗೀತ ಅದಲ್ಲ. ಓಡುತ್ತಿದ್ದವನು ನಡೆಯುತ್ತಿದ್ದಾನೆ. ಪೆಟ್ಟಿಗೆ ತಂದು ಮನೆ ಒತ್ತಿ ನೋಡಿದೆ. ಕರಿ ಒಂದು.

"ನಿನ್ನ ಫೋನ್ ನಿಧಾನ ಓಡ್ತಾ ಇದೆ" ಅಂದೆ.

"ಅಪ್ಪಾ, ಫೋನಿಗೆ ಬೆಲ್ಟ್ ಇರಲ್ಲ."

ಆ ಮಾತು ಒಳಗೆ ಇಳಿಯಲು ಒಂದು ರಾತ್ರಿ ಬೇಕಾಯಿತು. ಮಾರನೇ ದಿನದಿಂದ ಓದಲು ಕೂತೆ, ಮಗಳು ಹುಡುಕಿಕೊಟ್ಟಳು. ಈಗಿನ ವಾದ್ಯಗಳಲ್ಲಿ ಎ ಸ್ವರ, ನಮ್ಮ ಬಿಳಿ ಆರು, ಅಂದರೆ ಸೆಕೆಂಡಿಗೆ 440 ಕಂಪನ. ಅದು 1939ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಒಪ್ಪಿಕೊಂಡ ಅಳತೆ. ಬಾಖ್ ಬದುಕಿದ್ದು 1685ರಿಂದ 1750. ಅವನ ಕಾಲದಲ್ಲಿ ಊರಿಗೊಂದು ಶ್ರುತಿ, ಒಂದೇ ಊರಲ್ಲೂ ಒಂದಕ್ಕಿಂತ ಹೆಚ್ಚು. ಅವನಿದ್ದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಚರ್ಚಿನ ಆರ್ಗನ್ ಉಳಿದ ವಾದ್ಯಗಳಿಗಿಂತ ಎರಡು ಮನೆ ಮೇಲಿತ್ತು, ಅದಕ್ಕೇ ಆರ್ಗನ್ ನುಡಿಸುವವನಿಗೆ ಕೊಡುವ ಹಾಳೆಯನ್ನು ಎರಡು ಮನೆ ಇಳಿಸಿ ಬರೆಯುತ್ತಿದ್ದರು. ಹಳೆಯ ಸಂಗೀತವನ್ನು ಹಳೆಯ ವಾದ್ಯಗಳಲ್ಲಿ ನುಡಿಸುವ ಈಗಿನವರು ತಮ್ಮತಮ್ಮಲ್ಲಿ ಹೊಂದಾಣಿಕೆಗೆ ಅಂತ ಎ ಸ್ವರವನ್ನು 415ಕ್ಕೆ ಇಟ್ಟುಕೊಳ್ಳುತ್ತಾರೆ. 440ಕ್ಕೂ 415ಕ್ಕೂ ಇರುವ ಅಂತರ ಹೆಚ್ಚುಕಮ್ಮಿ ಒಂದು ಮನೆ. ಕಾಗದದ ಮೇಲಿನ ಡಿ ಮೈನರ್ ನನ್ನ ಪೆಟ್ಟಿಗೆಯಲ್ಲಿ ಕರಿ ಒಂದಕ್ಕೆ ಸಿಗಲೇಬೇಕು. ಹುಡುಗ ಬರೆದದ್ದು ಸರಿ, ಟೇಪು ಸರಿ, ಮೋಟಾರು ಸರಿ. ಊರಲ್ಲೆಲ್ಲ ತಪ್ಪು ಮಾಡಿದವನು ಒಬ್ಬನೇ, ಅವನಿಗೇ ಸ್ಕ್ರೂ ಡ್ರೈವರ್ ಸಿಕ್ಕಿತ್ತು.

ಓದುತ್ತ ಓದುತ್ತ ಬಾಖ್ ನನಗೆ ನಾಟಕ ಕಂಪನಿಯ ಮಾಸ್ತರ ಹಾಗೆ ಕಾಣತೊಡಗಿದ. 1729ರಿಂದ ಅವನು ಲೈಪ್‌ಜಿಗ್‌ನಲ್ಲಿ ವಿದ್ಯಾರ್ಥಿಗಳೂ ಕಸುಬಿನವರೂ ಸೇರಿದ ಒಂದು ಸಂಗೀತ ಮೇಳ ನಡೆಸುತ್ತಿದ್ದ. ಮೇಳದ ಕಚೇರಿ ನಡೆಯುತ್ತಿದ್ದದ್ದು ತ್ಸಿಮ್ಮರ್‌ಮನ್ ಅನ್ನುವವನ ಕಾಫಿ ಹೋಟೆಲಿನಲ್ಲಿ. 1738ರ ಹೊತ್ತಿಗೆ ಹಾರ್ಪ್ಸಿಕಾರ್ಡಿಗೆ ಅಂತ ಒಂದು ಕಟ್ಟು ಕನ್ಸರ್ಟೊ ಬರೆದಿಟ್ಟ. ಬಹಳಷ್ಟು ಹೊಸದಲ್ಲ, ತನ್ನವೇ ಹಳೆಯ ಕನ್ಸರ್ಟೊಗಳನ್ನು ತಿರುಗಿಸಿ ಹೊಲಿದದ್ದು. ಪಿಟೀಲಿನ ಇ ಮೇಜರ್ ಕನ್ಸರ್ಟೊ ಇಲ್ಲಿ ಡಿ ಮೇಜರ್ ಆಯಿತು, ಎ ಮೈನರಿನದು ಜಿ ಮೈನರ್ ಆಯಿತು. ಎರಡೂ ಸಲ ಎರಡೆರಡು ಮನೆ ಇಳಿಸಿದ್ದಾನೆ. ಕಾರಣ ಭಾವವೂ ಅಲ್ಲ, ರಸವೂ ಅಲ್ಲ. ಪಿಟೀಲು ಮೇಲಿನ ಇ ತನಕ ಹೋಗುತ್ತಿತ್ತು, ಅವನು ನೆಚ್ಚಿಕೊಂಡ ಹಾರ್ಪ್ಸಿಕಾರ್ಡಿನ ಮನೆಗಳು ಮೇಲಿನ ಡಿಗೇ ಮುಗಿಯುತ್ತಿದ್ದವು. ಮನೆ ಇಲ್ಲ, ಅದಕ್ಕೆ ಇಳಿಸಿದ. ಗಂಟಲು ಕೆಟ್ಟ ನಟನಿಗೆ ಅಪ್ಪ ಮಾಡಿಕೊಡುತ್ತಿದ್ದದ್ದೂ ಇದೇ ಉಪಕಾರ. ಈ ಡಿ ಮೈನರ್ ಕನ್ಸರ್ಟೊದ ಸಾಮಗ್ರಿಯನ್ನೇ ಅವನು ಚರ್ಚಿನಲ್ಲಿ ಹಾಡುವ ಎರಡು ಕಾಂಟಾಟಾಗಳಲ್ಲೂ ಬಳಸಿದ್ದಾನೆ, ಅಲ್ಲಿ ಆರ್ಗನ್ನಿಗೆ ಕೊಟ್ಟು. ಒಂದರಲ್ಲಿ ಆ ಅಡಾಜಿಯೋದ ಮೇಲೆ ಇಡೀ ಗಾಯಕವೃಂದವನ್ನೇ ಹಾಡಿಸಿದ್ದಾನೆ. ಯಾವ ಸಾಮಾನನ್ನೂ ಎಸೆಯದ ಮನುಷ್ಯ. ನಮ್ಮ ಅಂಗಡಿಯ ಅಟ್ಟ ನೋಡಿದವರಿಗೆ ಇಂಥವರ ಮೇಲೆ ಪ್ರೀತಿ ಹುಟ್ಟುತ್ತದೆ.

ಹಾಗಾದರೆ ನಾನು ಅಷ್ಟು ವರ್ಷ ಕೇಳಿದ ಗಾಬರಿ ಯಾರದು?

ಮೊದಲ ಅನುಮಾನ ಶ್ರುತಿಯ ಮೇಲೆ. ಒಂದು ಮನೆ ಏರಿದರೆ ದನಿ ಬಿಗಿಯಾಗುತ್ತದೆ ನಿಜ. ಒಂದೊಂದು ಶ್ರುತಿಗೆ ಒಂದೊಂದು ಸ್ವಭಾವ ಅಂತ ಪಟ್ಟಿ ಮಾಡಿದವರೂ ಅವರಲ್ಲಿದ್ದಾರೆ. ಮಾಥೆಸನ್ ಅನ್ನುವವನು 1713ರಲ್ಲಿ ಬರೆದ ಪುಸ್ತಕದಲ್ಲಿ ಡಿ ಮೈನರ್ ಅಂದರೆ ಭಕ್ತಿ, ಶಾಂತಿ, ಜೊತೆಗೆ ಒಂದಿಷ್ಟು ಗಾಂಭೀರ್ಯ ಅನ್ನುತ್ತಾನೆ. ಈ ಮೊದಲ ಭಾಗವನ್ನು ಕೇಳಿಸಿ ಅವನನ್ನು ಒಂದು ಮಾತು ಕೇಳಬೇಕಿತ್ತು. ಮಗಳು ತೋರಿಸಿದ ಇನ್ನೊಂದು ಧ್ವನಿಮುದ್ರಣ ಈ ಅನುಮಾನವನ್ನು ಕಳೆಯಿತು. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1957ರಲ್ಲಿ ವಾದ್ಯಮೇಳ ನಡೆಸುವ ಲಿಯೊನಾರ್ಡ್ ಬರ್ನ್‌ಸ್ಟೈನ್ ಜೊತೆ ಮಾಡಿದ್ದು. ಪಿಯಾನೊ, ಈಗಿನ ಶ್ರುತಿ, ಅಂದರೆ ಬಿಳಿ ಎರಡು. ನನ್ನ ಕೆಟ್ಟ ಟೇಪಿನ ಶ್ರುತಿಯೇ. ಆದರೆ ಅಲ್ಲಿ ಗಾಬರಿಯ ಸುಳಿವಿಲ್ಲ. ಒಂದೊಂದು ಸ್ವರವನ್ನೂ ಬಿಡಿಸಿ ಬಿಡಿಸಿ, ಶೇಂಗಾ ಸುಲಿದು ಕೈಗೆ ಹಾಕಿದ ಹಾಗೆ ನುಡಿಸುತ್ತಾನೆ. ಅವನ ಕುರ್ಚಿಯ ಕಥೆಯೂ ಚೆನ್ನಾಗಿದೆ. ಅವರಪ್ಪ ಮಡಚುವ ಕುರ್ಚಿಯೊಂದರ ಕಾಲು ಕತ್ತರಿಸಿ ತಗ್ಗು ಮಾಡಿ ಕೊಟ್ಟದ್ದಂತೆ, ಜೀವನವಿಡೀ ಅದನ್ನೇ ಹೊತ್ತುಕೊಂಡು ತಿರುಗಿದ. ನನ್ನ ಮಟ್ಟಿಗೆ ಪಿಯಾನೊದಲ್ಲಿ ಈ ಕನ್ಸರ್ಟೊ ಸ್ವಲ್ಪ ಹೆಚ್ಚೇ ಉಂಡ ಹಾಗಿರುತ್ತದೆ. ಮೀಟುವ ತಂತಿಯ ಹಸಿವು ಅದಕ್ಕೆ ಬೇಕು. ಆದರೆ ಬಿಳಿ ಎರಡು ತಾನಾಗಿ ಯಾರನ್ನೂ ಓಡಿಸುವುದಿಲ್ಲ ಅನ್ನುವುದು ಅಲ್ಲಿ ಖಾತ್ರಿಯಾಯಿತು.

ಉಳಿದದ್ದು ಲಯ. ಮೊದಲ ಭಾಗ ನನ್ನ ಟೇಪಿನಲ್ಲಿ 7 ನಿಮಿಷ 25 ಸೆಕೆಂಡ್ ಇತ್ತು, ಅದೇ ಧ್ವನಿಮುದ್ರಣ ಫೋನಿನಲ್ಲಿ 7 ನಿಮಿಷ 52. ಅರ್ಧ ನಿಮಿಷವೂ ಇಲ್ಲ. ಬಾಖ್ ಅಂತೂ ಅಲೆಗ್ರೋ ಅಂತ ಒಂದು ಪದ ಬರೆದು ಕೈ ತೊಳೆದುಕೊಂಡಿದ್ದಾನೆ. ಇಟಲಿ ಭಾಷೆಯಲ್ಲಿ ಅದಕ್ಕೆ ಉಲ್ಲಾಸ ಅಂತ ಅರ್ಥ. ನಿಮಿಷಕ್ಕೆ ಇಷ್ಟು ಅಂತ ಟಕಟಕ ಹೇಳುವ ಮೆಟ್ರೊನೋಮ್ ಬಂದದ್ದು 1815ರಲ್ಲಿ, ಅವನು ಸತ್ತು 65 ವರ್ಷಕ್ಕೆ. ಅದಕ್ಕೂ ಮುಂಚೆ ಕ್ವಾಂಟ್ಸ್ ಅನ್ನುವ ಕೊಳಲಿನವನು 1752ರ ತನ್ನ ಪುಸ್ತಕದಲ್ಲಿ ಆರೋಗ್ಯವಂತನ ನಾಡಿಯನ್ನು ಅಳತೆಗೋಲು ಮಾಡಿಕೊಂಡ, ನಿಮಿಷಕ್ಕೆ 80ರ ಲೆಕ್ಕ. ಬಿಪಿ ಮಾತ್ರೆ ನುಂಗುವ ನನ್ನ ನಾಡಿ ಹಿಡಿದು ಯಾರೂ ಕಚೇರಿ ಮಾಡದಿರಲಿ. ಅಂತೂ ಬಾಖ್‌ನ ಮಟ್ಟಿಗೆ 7.25 ಕೂಡ ಅಲೆಗ್ರೋ, 7.52 ಕೂಡ ಅಲೆಗ್ರೋ. ಮಗಳು ಹಾಕಿದ ಬೇರೆ ಹಾರ್ಪ್ಸಿಕಾರ್ಡಿನವರಲ್ಲಿ ನನ್ನ ಟೇಪಿನಷ್ಟೇ ಜೋರಾಗಿ ಹೋದವರೊಬ್ಬರಿದ್ದರು. ಅವರಲ್ಲೂ ಗಾಬರಿ ಇರಲಿಲ್ಲ.

ಅವರನ್ನೂ ನನ್ನ ಟೇಪನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೂರು ಸಂಜೆ ಕೇಳಿದೆ. ಆಮೇಲೆ ಹೊಳೆಯಿತು. ಜೋರಾಗಿ ನುಡಿಸುವವರು ಜೋರಿಗೆ ತಕ್ಕ ಹಾಗೆ ಉಸಿರು ಜೋಡಿಸಿಕೊಂಡಿರುತ್ತಾರೆ. ಸಾಲು ಮುಗಿಯುವ ಕಡೆ ಒಂದು ಕೂದಲಷ್ಟು ತಡೆಯುತ್ತಾರೆ, ಉದ್ದ ಸ್ವರ ಪೂರ್ತಿ ಸಾಯುವ ತನಕ ಬಿಡುತ್ತಾರೆ, ಮುಂದಿನ ಓಟಕ್ಕೆ ಅಲ್ಲಿ ಜಾಗ ಮಾಡಿಕೊಳ್ಳುತ್ತಾರೆ. ನನ್ನ ಮೋಟಾರು ಹಾಗೆ ಮಾಡಲಿಲ್ಲ. ಅದು ನುಡಿಸಿದವರ ತಡೆಯನ್ನೂ ಆರು ಪಾಲು ಕತ್ತರಿಸಿತು, ತಂತಿ ಸಾಯುವ ಹೊತ್ತನ್ನೂ ಕತ್ತರಿಸಿತು, ಆ ಹಜಾರದ ಗೋಡೆಯಿಂದ ಮರಳುವ ಸದ್ದನ್ನೂ ಕತ್ತರಿಸಿತು. ಮಾಸ್ತರು ಲಯ ಏರಿಸಿದರೆ ನಟ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಅಂತ ಬದಲಿಸಿಕೊಳ್ಳುತ್ತಾನೆ. ಮೋಟಾರು ಏರಿಸಿದರೆ ಅವನ ಗಂಟಲು ಹಿಡಿದ ಹಾಗೆ. ಅಪ್ಪನಿಗೆ ಕೇಳಿದ್ದು ಇದು. ಅಡುಗೆಮನೆಯವರಿಗೆ ಪಿ.ಬಿ. ಶ್ರೀನಿವಾಸರಲ್ಲಿ ನಾಲ್ಕೇ ದಿನಕ್ಕೆ ಕೇಳಿದ್ದೂ ಇದೇ. ಅಟ್ಟಿಸಿಕೊಂಡು ಹೋಗುತ್ತಿದ್ದವನು ನಾನು.

ಸರಿಯಾದ ವೇಗದಲ್ಲಿ ಆ ಕುಟ್ಟುವ ಜಾಗ ಈಗ ಮಂಡಕ್ಕಿಯ ಹಾಗೆ ಸಿಡಿಯುವುದಿಲ್ಲ. ಒಂದೊಂದು ಮೀಟೂ ಕಾಣುತ್ತದೆ, ಎರಡು ಮೀಟಿನ ನಡುವೆ ಮರದ ಪಟ್ಟಿ ಕೆಳಗೆ ಬೀಳುವ ಸಣ್ಣ ಟಕ್ ಕೂಡ. ಗಾಬರಿ ಅಲ್ಲ, ಹಠ. ಜಾಗ ಬಿಡುವುದಿಲ್ಲ ಅಂತ ನಿಂತವರ ದನಿ. ಶ್ರುತಿ ಇಳಿದು ಲಯ ಇಳಿದರೆ ದುಃಖ ಹೆಚ್ಚಬೇಕು ಅಂತ ನಾನು ಅಂದುಕೊಂಡಿದ್ದೆ, ಕಡಿಮೆಯೇ ಆಯಿತು. ಅಡಾಜಿಯೋ ಮಾತ್ರ ನಿಜಕ್ಕೂ ಉದ್ದವಾಯಿತು. ಗೂಡ್ಸ್ ಗಾಡಿ ಪೂರ್ತಿ ದಾಟುವ ತನಕ ಗೇಟಿನಲ್ಲಿ ನಿಲ್ಲುವ ತಾಳ್ಮೆ ಬೇಕು. ನುಡಿಸಿದವರು ಯಾರು ಅಂತ ಈಗ ಗೊತ್ತು, ಹೇಳುವುದಿಲ್ಲ. ಅವರ ಹೆಸರಿನ ಜೊತೆ ನನ್ನ ಸ್ಕ್ರೂ ಡ್ರೈವರ್ ಯಾಕೆ.

ಒಂದು ಕಷ್ಟ ಉಳಿದಿದೆ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದ ಸಂಗೀತ ಈ ಸರಿಯಾದದ್ದಲ್ಲ. ಅದು ಬಿಳಿ ಎರಡಕ್ಕಿತ್ತು, 7 ನಿಮಿಷ 25 ಸೆಕೆಂಡಿನದು, ಅಪ್ಪ ಕೇಳಿದ್ದೂ ಅದನ್ನೇ. ಅಂಥದ್ದೊಂದು ಯಾರೂ ನುಡಿಸಲೇ ಇಲ್ಲ, ನನ್ನ ಮನೆ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಮೊನ್ನೆ ಭಾನುವಾರ ಅಟ್ಟದಿಂದ ಟೂ-ಇನ್-ವನ್ ಇಳಿಸಿದೆ. ಬೆಲ್ಟು ಡಾಂಬರಾಗಿ ಹೋಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಹೊಸದು ಹಾಕಿದೆ. ಬಾಖ್‌ನ ಕ್ಯಾಸೆಟ್ ಸಿಕ್ಕಿಸಿ ಪೆಟ್ಟಿಗೆಯ ಕರಿ ಒಂದನ್ನು ಹಿಡಿದೆ. ತಿದಿ ಒತ್ತಲು ಹೆಂಡತಿಯೇ ಬಂದು ಕೂತಳು. ತೂತಿನೊಳಗೆ ಸ್ಕ್ರೂ ಡ್ರೈವರ್ ಇಟ್ಟು ಹಿಂದಕ್ಕೆ ತಿರುಗಿಸಿದೆ, ಸ್ವರ ಇಳಿಯುತ್ತ ಬಂದು, ಉಜ್ಜಾಡಿ, ಕೂತಿತು. ಬಾಖ್‌ನನ್ನು ತೆಗೆದು ಅವಳ ಹಳೆಯ ಕ್ಯಾಸೆಟ್ ಹಾಕಿದೆ. ಎರಡು ಸಾಲು ಕೇಳಿ, "ಹ್ಞಾ, ಈಗ ಸಮಾಧಾನ ಆಯ್ತು ನೋಡ್ರಿ ಅವರಿಗೆ" ಅಂತ ಎದ್ದು ಒಳಗೆ ಹೋದಳು.

ತಿರುಗಿಸುವ ಮುಂಚೆ, ಅವಳು ತಿದಿ ಸರಿಮಾಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಮಗಳು ಬಿಟ್ಟುಹೋದ ಉಗುರುಬಣ್ಣದ ಕಡ್ಡಿಯಿಂದ ಮೋಟಾರಿನ ತೂತಿನ ಅಂಚಿಗೆ ಕೆಂಪಗೆ ಒಂದು ಚುಕ್ಕೆ ಇಟ್ಟಿದ್ದೆ. ಸ್ಕ್ರೂ ಹಳೆಯ ಜಾಗದಲ್ಲಿ ಎಲ್ಲಿಗೆ ಮುಖ ಮಾಡಿತ್ತೋ, ಸರಿಯಾಗಿ ಅಲ್ಲಿಗೆ.